ಪುಟದಂಚಿನ ಕುಂಕುಮ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ದಿನವೇ ಕೇಳುವ ಪ್ರಶ್ನೆ, ಬಿಳಿ ಗ್ಲೌಸು ಎಲ್ಲಿ ಅಂತ. ಎಲ್ಲೋ ಟೀವಿಯಲ್ಲಿ ನೋಡಿರುತ್ತಾರೆ. ಗ್ಲೌಸು ಹಾಕಿದ ಬೆರಳಿಗೆ ಕಾಗದದ ಅಂಚು ಗೊತ್ತಾಗುವುದಿಲ್ಲ, ಹಳೆಯ ಪುಟ ಹರಿದುಹೋಗುತ್ತದೆ. ಹಸ್ತಪ್ರತಿ ಮುಟ್ಟಲು ಬೇಕಾದದ್ದು ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿದ ಬರಿಗೈ. ಆಕ್ಲೆಂಡಿನ ಒಂದು ಗ್ರಂಥಾಲಯದ ಫೋಟೋ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಬಂದವರಿಗೆಲ್ಲ ನಾನು ಇದನ್ನು ಹೇಳಿಕೊಟ್ಟೆ. ಹೇಳಿಕೊಡುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು. ಆ ಬರಿಗೈಯಿಂದ ನಾನೇ ಏನು ಮಾಡಿದೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಗೆ ಬಂದವಳು ಸ್ಫೂರ್ತಿ. ಇಲ್ಲೇ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಬೆಳೆದ ಹುಡುಗಿ, ಅಪ್ಪ ಅಮ್ಮ ಬೆಂಗಳೂರಿನವರು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ತೊಂದರೆಯಿಲ್ಲ. "ಅಂಕಲ್, ರೈಟ್ ಸಮ್‌ಥಿಂಗ್ ಫಾರ್ ಅಸ್. ದಿ ರಿಯಲ್ ಸ್ಟಫ್, ಓಕೆ?" ಅಂದಳು, ಈ ಕೆಲಸ ಕಲಿಯುವವರಿಗೆ ಅಂತ. ಅವಳಿಗೆ ಕನ್ನಡ ಓದಲು ಬಾರದು, ಅಮ್ಮ ಓದಿ ಹೇಳುತ್ತಾರಂತೆ. ಮೊದಲು ಬೆಳಕು, ಲೆನ್ಸು, ಬಣ್ಣದ ಪಟ್ಟಿ ಅಂತ ನಾಲ್ಕು ಪುಟ ಬರೆದೆ. ಓದಿ ನೋಡಿದರೆ ಕ್ಯಾಮೆರಾ ಡಬ್ಬದಲ್ಲಿ ಬರುವ ಪುಸ್ತಕದ ಹಾಗಿತ್ತು. ಹರಿದು ಹಾಕಿ ಇದನ್ನು ಶುರುಮಾಡಿದೆ.

ಮೈಸೂರಿನಲ್ಲಿ ನನ್ನದು ಮದುವೆ ಫೋಟೋ ಸ್ಟುಡಿಯೋದ ಕೆಲಸ. ಫೋಟೋ ತೆಗೆಯುವವರು ಬೇರೆ, ನಾನು ಟಚಪ್ ಮಾಡುವವನು. ಮದುಮಗಳ ಮೊಡವೆ ತೆಗೆಯುವುದು, ಮೈಬಣ್ಣ ಒಂದೆರಡು ಮೆಟ್ಟಿಲು ಮೇಲಕ್ಕೆ ಏರಿಸುವುದು, ನಿದ್ದೆಗೆಟ್ಟ ಮದುಮಗನ ಕಣ್ಣಿನ ಕೆಂಪು ಕಳೆಯುವುದು. ಒಮ್ಮೆ ಎರಡು ಮನೆಯವರ ಜಗಳದಿಂದಾಗಿ ಗುಂಪು ಫೋಟೋದಿಂದ ಒಬ್ಬ ಸೋದರಮಾವನನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಬಾಳೆಕಂದು ನಿಲ್ಲಿಸಿದ್ದೆ. ಯಾರಿಗೂ ಗೊತ್ತಾಗಲಿಲ್ಲ. ಆ ಕಾಲಕ್ಕೆ ಅದು ನನ್ನ ಹೆಮ್ಮೆಯ ಕೆಲಸ.

ಹೆಂಡತಿ ವಸಂತಾಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಾನು ಅವಳ ವೀಸಾದ ಬಾಲ ಹಿಡಿದು ಬಂದೆ. ಮಕ್ಕಳನ್ನು ಕಟ್ಟಿಕೊಂಡು ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ಮನೆ ಮಾಡಿದೆವು. ಮೊದಲ ವರ್ಷ ಇಲ್ಲಿನವರು ಡೈರಿ ಅನ್ನುವ ಮೂಲೆಯಂಗಡಿಯಲ್ಲಿ ಹಾಲು, ಬ್ರೆಡ್ಡು, ಪೇಪರು ಮಾರುತ್ತ ನಿಂತಿದ್ದೆ. ಆಮೇಲೆ ಗ್ರಂಥಾಲಯದಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ ಬಂತು. ಹಳೆಯ ಚಿತ್ರಗಳನ್ನೂ ಹಸ್ತಪ್ರತಿಗಳನ್ನೂ ಫೋಟೋ ತೆಗೆದು ಜಾಲತಾಣಕ್ಕೆ ಹಾಕಬೇಕು. ವಿಭಾಗದ ಮುಖ್ಯಸ್ಥ ಗ್ರಹಾಂ. ಎತ್ತರದ, ಮೆತ್ತಗೆ ಮಾತಾಡುವ, ಸಿಟ್ಟು ಬಂದರೆ ಇನ್ನೂ ಮೆತ್ತಗಾಗುವ ಮನುಷ್ಯ.

ನನಗೆ ಮೊದಲು ಕೊಟ್ಟದ್ದು ಜಪಾನಿನ ಮರದಚ್ಚಿನ ಚಿತ್ರಗಳು. ಒಬ್ಬ ಚಿತ್ರ ಬರೆದುಕೊಡುತ್ತಾನೆ, ಇನ್ನೊಬ್ಬ ಅದನ್ನು ಮರದ ಹಲಗೆಯಲ್ಲಿ ಕೆತ್ತುತ್ತಾನೆ. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಮತ್ತೊಬ್ಬ ಹಲಗೆಗೆ ಬಣ್ಣ ಸವರಿ, ಒದ್ದೆ ಕಾಗದ ಹಾಸಿ, ಅದರ ಬೆನ್ನ ಮೇಲೆ ಉಜ್ಜಿ ಮುದ್ರಿಸುತ್ತಾನೆ. ನನ್ನ ಮುಂದಿದ್ದ ಮೊದಲ ಚಿತ್ರದಲ್ಲಿ ಸಮುದ್ರ, ಎರಡು ದೋಣಿ, ಕೊಡೆ ಹಿಡಿದ ಹೆಂಗಸು. ಸಮುದ್ರವೆಲ್ಲ ಒಣಹುಲ್ಲಿನ ಬಣ್ಣ. ಫೋಟೋದಲ್ಲೇ ಏನೋ ಕೆಟ್ಟಿದೆ ಅಂದುಕೊಂಡು ನಾನು ಕಂಪ್ಯೂಟರಿನಲ್ಲಿ ನೀಲಿ ಏರಿಸಿದೆ. ಹೆಂಗಸಿನ ಮುಖವನ್ನೂ ಸ್ವಲ್ಪ ಬೆಳ್ಳಗೆ ಮಾಡಿದೆ, ಕೈ ಅಭ್ಯಾಸ. ಒಂದು ವಾರದಲ್ಲಿ ಒಂದು ಪೆಟ್ಟಿಗೆ ಮುಗಿಸಿ ಗ್ರಹಾಂ ಮುಂದೆ ಇಟ್ಟೆ.

ಅವರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ರಘು. ಆದ್ರೆ ಇದು ನಮ್ಮ ಹತ್ರ ಇರೋ ಚಿತ್ರ ಅಲ್ವಲ್ಲ" ಅಂದರು. ಆ ಸಮುದ್ರಕ್ಕೆ ಹಾಕಿದ್ದು ಹೂವಿನಿಂದ ತೆಗೆದ ನೀಲಿಯಂತೆ, ಬೆಳಕು ತಾಕಿದರೆ ವರ್ಷಗಳಲ್ಲಿ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತದಂತೆ. ಎಷ್ಟು ಮಾಸಿದೆ ಅನ್ನುವುದರಿಂದಲೇ ಅದು ಎಷ್ಟು ವರ್ಷ ಗೋಡೆಯ ಮೇಲಿತ್ತು ಅಂತ ತಿಳಿದವರು ಹೇಳುತ್ತಾರಂತೆ. "ಇರೋದನ್ನ ತೆಗಿ. ಇರಬೇಕಾಗಿತ್ತು ಅಂತ ನಿನಗೆ ಅನ್ಸೋದನ್ನಲ್ಲ" ಅಂದರು ಗ್ರಹಾಂ. ಇಡೀ ಪೆಟ್ಟಿಗೆ ಮತ್ತೆ ತೆಗೆದೆ. ಕೆಲಸದಿಂದ ತೆಗೆದುಹಾಕುತ್ತಾರೆ ಅಂತ ಹೆದರಿದ್ದೆ. ಅವರು ಕಾಯಂ ಮಾಡಿದರು.

ಎರಡನೆಯ ತಪ್ಪಿಗೆ ನಾನೊಬ್ಬನೇ ಕಾರಣ ಅಲ್ಲ, ಇಡೀ ವಿಭಾಗವೇ ಸೇರಿ ಮಾಡಿದ್ದು. ಆದರೆ ಕೈ ನನ್ನದು. ಚಿತ್ರದ ಸುತ್ತಲಿನ ಖಾಲಿ ಕಾಗದವನ್ನು ನಾವು ನೀಟಾಗಿ ಕತ್ತರಿಸಿ ಹಾಕುತ್ತಿದ್ದೆವು, ಅಂದರೆ ಫೋಟೋದಲ್ಲಿ. ಬೆನ್ನನ್ನಂತೂ ಯಾರೂ ತಿರುಗಿಸಿ ನೋಡಿರಲಿಲ್ಲ. ಹೀಗಿರುವಾಗ ಜಪಾನಿನಿಂದ ಒಬ್ಬ ಮುದುಕರು ಮಗಳ ಜೊತೆ ಬಂದರು. ಮೂರು ತಲೆಮಾರಿನಿಂದ ಮುದ್ರಣದವರು. ನಮ್ಮ ಜಾಲತಾಣದಲ್ಲಿ ತಮ್ಮ ಅಜ್ಜನ ಕಾಲದ್ದು ಅನ್ನಿಸಿದ ಒಂದು ಚಿತ್ರ ನೋಡಿ, ಹೌದೋ ಅಲ್ಲವೋ ತಿಳಿಯಲಿಲ್ಲವೆಂದು ಅಷ್ಟು ದೂರ ಬಂದಿದ್ದರು. ನಾನು ಚಿತ್ರ ತಂದು ಮೇಜಿನ ಮೇಲಿಟ್ಟೆ. ಅವರು ಮುಂಭಾಗವನ್ನು ನೋಡಲೇ ಇಲ್ಲ. ತಿರುಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಕಾಗದದ ಬೆನ್ನಿನ ತುಂಬ ಉಜ್ಜಿದ ಗುರುತು, ಸುತ್ತು ಸುತ್ತಾಗಿ. ಆಮೇಲೆ ಮೂಲೆಯಲ್ಲಿ ಕಾಗದ ಕೂರಿಸಲು ಮಾಡಿಕೊಂಡ ಸಣ್ಣ ಗುರುತನ್ನು ಹುಡುಕಿ ಬೆರಳಿಟ್ಟರು.

ಮಗಳು ಹೇಳಿದಳು, "ಅಪ್ಪ ಹೇಳ್ತಿದಾರೆ, ಇದು ಅಜ್ಜಂದಲ್ಲ, ಅಜ್ಜನ ತಮ್ಮಂದು. ಅವರು ಎಡಗೈಯವರು, ಉಜ್ಜಿರೋದು ಉಲ್ಟಾ ಸುತ್ತಿದೆ. ನಿಮ್ಮ ಫೋಟೋದಲ್ಲಿ ಇದ್ಯಾವುದೂ ಯಾಕಿಲ್ಲ ಅಂತ ಕೇಳ್ತಿದಾರೆ." ಚಿತ್ರ ಬರೆದವನ ಹೆಸರನ್ನು ನಾವು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಉಜ್ಜಿದವನು ಬಿಟ್ಟುಹೋದದ್ದು ಅಂಚಿನಲ್ಲೂ ಬೆನ್ನಿನಲ್ಲೂ ಮಾತ್ರ, ಅದನ್ನು ನಾನು ಕಸದ ಹಾಗೆ ಕತ್ತರಿಸಿದ್ದೆ. ಮುದುಕರು ಹೋಗುವಾಗ ನನಗೇ ಬಗ್ಗಿ ನಮಸ್ಕಾರ ಮಾಡಿದರು. ಆಮೇಲೆ ಎರಡು ವರ್ಷ ಹಿಡಿಯಿತು ಎಲ್ಲವನ್ನೂ ಅಂಚು, ಬೆನ್ನು ಸಮೇತ ಮತ್ತೆ ತೆಗೆಯಲು.

ಇಂಥ ತಪ್ಪುಗಳನ್ನು ನಾನು ಪಾರ್ಟಿಗಳಲ್ಲಿ ಹೇಳಿ ನಗಿಸುತ್ತಿದ್ದೆ. ತಿದ್ದಿಕೊಂಡ ತಪ್ಪನ್ನು ಹೇಳುವುದು ಸುಲಭ, ಕೇಳಿದವರು ದೊಡ್ಡ ಮನಸ್ಸಿನವನು ಅನ್ನುತ್ತಾರೆ. ಮುಂದಿನದು ಹಾಗಲ್ಲ.

ಜಪಾನೀ ಚಿತ್ರಗಳ ನಂತರ ನನಗೆ ಮಧ್ಯಯುಗದ ಯುರೋಪಿನ ಹಸ್ತಪ್ರತಿಗಳು ಬಂದವು. ಕರುವಿನ ಚರ್ಮವನ್ನು ಹದಮಾಡಿ, ತೆಳ್ಳಗೆ ಕೆರೆದು ಮಾಡಿದ ಪುಟಗಳು. ಅಂಗೈಯಗಲದ ಪ್ರಾರ್ಥನಾ ಪುಸ್ತಕಗಳು, ಅಂಚಿನ ತುಂಬ ಬಳ್ಳಿ, ಹೂವು, ಬಸವನಹುಳ. ಆಕ್ಲೆಂಡಿನ ತೇವಕ್ಕೆ ಆ ಪುಟಗಳು ಹಸಿ ಹಪ್ಪಳದ ಹಾಗೆ ಡೊಂಕಾಗುತ್ತವೆ. ಪುಸ್ತಕವನ್ನು ಪೂರ್ತಿ ತೆರೆಯುವಂತಿಲ್ಲ, ಸ್ಪಂಜಿನ ತೊಟ್ಟಿಲಿನಲ್ಲಿ ಮಲಗಿಸಿ ಅರ್ಧ ತೆರೆದು ತೆಗೆಯಬೇಕು. ಪುಟ ಬಿಡಿಸುವ ಮುನ್ನ ಅದರ ಸ್ಥಿತಿ ನೋಡಿ, ಎಲ್ಲಿ ಬಣ್ಣ ಉದುರುತ್ತಿದೆ, ಎಲ್ಲಿ ಮುಟ್ಟಬಾರದು ಅಂತ ಚೀಟಿ ಇಟ್ಟು ಕಳಿಸುತ್ತಿದ್ದವಳು ಮರಾಮ.

ಮರಾಮ ನಮ್ಮ ಸಂರಕ್ಷಕಿ. ಕೆಟ್ಟ ಪುಸ್ತಕಗಳಿಗೆ ಡಾಕ್ಟರು ಅನ್ನಿ. ಈ ನೆಲದ ಮೂಲನಿವಾಸಿ ಮಾವೊರಿ ಹೆಂಗಸು, ದಕ್ಷಿಣದ ವೈಕಾಟೊ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಜೋರಾಗಿ ನಗುತ್ತಿದ್ದಳು, ಆದರೆ ಕೈ ಮಾತ್ರ ಅಷ್ಟು ನಿಧಾನ. ನಮ್ಮ ಹೊಸ ಕ್ಯಾಮೆರಾ ಸ್ಟ್ಯಾಂಡು ಬಂದ ದಿನ, ಅದರ ಮುಂದೆ ನಿಂತು ಕರಕಿಯ ಹೇಳಿದವಳು ಅವಳೇ. ಕರಕಿಯ ಅಂದರೆ ಅವರ ಪ್ರಾರ್ಥನೆ. ಇಲ್ಲಿ ಹೊಸ ಕೋಣೆ, ಹೊಸ ಪ್ರದರ್ಶನ, ಯಾವುದೂ ಅದಿಲ್ಲದೆ ಶುರುವಾಗುವುದಿಲ್ಲ. ಗ್ರಹಾಂ ಸೇರಿ ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದೆವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಂಥ ಜಾಗದಲ್ಲಿ ಇದ್ದುಕೊಂಡೂ ನಾನು ನನ್ನ ಪೂಜೆಯನ್ನು ಕದ್ದು ಮಾಡುತ್ತಿದ್ದೆ.

ಆಯುಧಪೂಜೆಯ ದಿನ ಮೈಸೂರಿನ ಸ್ಟುಡಿಯೋದಲ್ಲಿ ಕ್ಯಾಮೆರಾಗಳನ್ನೆಲ್ಲ ಸಾಲಾಗಿ ಜೋಡಿಸಿ, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು, ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆವು. ಅವತ್ತು ಅನ್ನ ಕೊಡುವ ಸಾಮಾನನ್ನು ಕೆಲಸಕ್ಕೆ ಹಚ್ಚಬಾರದು. ಇಲ್ಲಿ ರಜೆ ಎಲ್ಲಿಂದ ಬರಬೇಕು? ನನಗೆ ಸಮಾಧಾನವಾಗದೆ, ಮೊದಲ ವರ್ಷದಿಂದಲೂ ಒಂದು ಉಪಾಯ ಮಾಡಿಕೊಂಡಿದ್ದೆ. ಹಳೆಯ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಮನೆಯ ಕುಂಕುಮ ತುಂಬಿಕೊಂಡು, ಉಳಿದವರಿಗಿಂತ ಅರ್ಧ ಗಂಟೆ ಮುಂಚೆ ಹೋಗಿ, ಸ್ಟ್ಯಾಂಡಿನ ಕಂಬದ ಹಿಂದೆ ಯಾರಿಗೂ ಕಾಣದಲ್ಲಿ ಒಂದು ಬೊಟ್ಟು ಇಟ್ಟು ಕೈ ಮುಗಿಯುತ್ತಿದ್ದೆ. ಅಕ್ಕ ಮೈಸೂರಿನಿಂದ ಕಳಿಸುತ್ತಿದ್ದ ಕುಂಕುಮ, ಅರಿಶಿನದಿಂದ ಮನೆಯಲ್ಲೇ ಮಾಡಿದ್ದು. ಆಮೇಲೆ ಕೈ ತೊಳೆದುಕೊಳ್ಳುತ್ತಿದ್ದೆ.

ಆ ವರ್ಷವೂ ತೊಳೆದುಕೊಂಡಿದ್ದೆ. ಉಂಗುರದ ಬೆರಳಿನ ಉಗುರಿನ ಸಂದಿ ನೋಡಿಕೊಂಡಿರಲಿಲ್ಲ.

ಅವತ್ತು ತೊಟ್ಟಿಲಿನಲ್ಲಿದ್ದದ್ದು ಒಂದು ಚಿಕ್ಕ ಪ್ರಾರ್ಥನಾ ಪುಸ್ತಕ. ಬೆಳಿಗ್ಗೆ ಏಳೆಂಟು ಪುಟ ಮುಗಿಸಿ, ಮುಂದಿನದನ್ನು ತಿರುಗಿಸಿ ಫೋಟೋ ತೆಗೆದೆ. ಪರದೆಯ ಮೇಲೆ ನೋಡಿದರೆ ಕೆಳಗಿನ ಅಂಚಿನಲ್ಲಿ, ನೀಲಿ ಹೂವಿನ ಪಕ್ಕ, ಎಳ್ಳಿನಷ್ಟು ಕೆಂಪು. ಒಣ ಕುಂಚದಿಂದ ಮೆತ್ತಗೆ ಸವರಿದೆ. ಪುಡಿ ಹಾರಿತು, ಆದರೆ ಒಂದು ಚೂರು ಚರ್ಮದ ರಂಧ್ರದಲ್ಲಿ ಕೂತುಬಿಟ್ಟಿತು.

ನಿಯಮ ಸರಳ. ಆಗಲೇ ಕೈ ಎತ್ತಿ ಕೆಲಸ ನಿಲ್ಲಿಸಬೇಕು, ಮರಾಮಳನ್ನು ಕರೆಯಬೇಕು, ಏನು ಬಿತ್ತು ಅಂತ ಹೇಳಬೇಕು. ಅವಳ ಕೋಣೆ ಎರಡು ಬಾಗಿಲು ಆಚೆ. ನಾನು ಎದ್ದೆ ಕೂಡ. ಆಮೇಲೆ ಕುಳಿತೆ. ಕುಂಕುಮ ಅಂದರೆ ಏನು, ಅದನ್ನು ಇಲ್ಲಿಗೆ ಯಾಕೆ ತಂದೆ, ಪ್ರತಿ ವರ್ಷ ತರುತ್ತೀಯಾ, ಅಂತ ಕೇಳುತ್ತಾರೆ. ಐನೂರು ವರ್ಷದ ಪುಸ್ತಕದ ಪಕ್ಕ ಪೂಜೆ ಮಾಡಿದ ಇಂಡಿಯನ್ನು ಅಂತ ಊಟದ ಕೋಣೆಯಲ್ಲಿ ಮಾತಾಗುತ್ತದೆ. ಹೀಗೆಲ್ಲ ಯೋಚಿಸಿದೆ. ಕರಕಿಯ ಹೇಳುವ ಜಾಗದಲ್ಲಿ ಯಾರೂ ನಗುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಯಾವ ತಪ್ಪೂ ಮಾಡದವನು ಅಂತ ಹೆಸರು ಪಡೆದಿದ್ದೆ, ಅದು ಹೋಗುವುದು ನನಗೆ ಬೇಡವಾಗಿತ್ತು.

ಬದಲಿಗೆ ನಾನು ಪರದೆಯ ಕಡೆ ತಿರುಗಿದೆ. ಪಕ್ಕದ ಖಾಲಿ ಚರ್ಮದಿಂದ ಒಂದು ತುಣುಕು ಎತ್ತಿ ಆ ಕೆಂಪಿನ ಮೇಲೆ ಹೊದಿಸಿದೆ. ಕೂದಲಿನ ರಂಧ್ರಗಳು ಕೂಡ ಸಾಲು ತಪ್ಪದೆ ಕೂತವು. ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವ ಮದುಮಗಳಿಗೂ ಮಾಡಿರಲಿಲ್ಲ. ಆ ಚಿತ್ರವೇ ಜಾಲತಾಣಕ್ಕೆ ಹೋಯಿತು. ಆಗಿನ ಪದ್ಧತಿಯಲ್ಲಿ ಕ್ಯಾಮೆರಾದಿಂದ ಬಂದ ಮೂಲ ಫೈಲುಗಳನ್ನು ಜಾಗ ಉಳಿಸಲು ಮೂರು ತಿಂಗಳಿಗೆ ಅಳಿಸುತ್ತಿದ್ದರು. ಈಗ ಅವನ್ನೆಲ್ಲ ಇಡುತ್ತಾರೆ, ಯಾರು ಯಾವಾಗ ಏನು ಬದಲಿಸಿದರು ಅಂತ ಕಂಪ್ಯೂಟರೇ ಬರೆದುಕೊಳ್ಳುತ್ತದೆ, ಸ್ಫೂರ್ತಿಗೆ ಇಂಥ ಕಳ್ಳತನ ಮಾಡಬೇಕೆಂದರೂ ಆಗುವುದಿಲ್ಲ. ನಾನು ಆ ಒಂದು ಮೂಲ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ದು, ಬೀರುವಿನಲ್ಲಿ ಪಾಸ್‌ಪೋರ್ಟುಗಳ ಜೊತೆ ಇಟ್ಟೆ. ನೆಗೆಟಿವ್ ಎಸೆಯಬಾರದು ಅನ್ನುವುದು ಸ್ಟುಡಿಯೋದಲ್ಲಿ ಕಲಿತದ್ದು. ಅದಕ್ಕಿಂತ ಒಳ್ಳೆಯ ಕಾರಣ ನನಗೆ ಇರಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ಆ ಪುಸ್ತಕವನ್ನು ಪ್ರದರ್ಶನಕ್ಕೆ ಇಡಬೇಕಾಯಿತು. ಮರಾಮ ಅದನ್ನು ಪರೀಕ್ಷೆಗೆ ತೆಗೆದುಕೊಂಡವಳು, ಒಂದು ದಿನ ನನ್ನ ಬಾಗಿಲಲ್ಲಿ ಬಂದು ನಿಂತಳು.

"ರಘು, ಈ ಪುಸ್ತಕ ನೀನು ತೆಗೆದಿದ್ದಲ್ವಾ? ಅಂಚಲ್ಲಿ ಒಂದು ಕೆಂಪು ಚುಕ್ಕೆ ಇದೆ. ನೋಡಿದ್ದ ನೆನಪಿದ್ಯಾ?"

"ಇಲ್ಲ. ನಾನು ತೆಗೆದಾಗ ಇರಲಿಲ್ಲ" ಅಂದೆ.

"ನಿನ್ನ ಫೋಟೋದಲ್ಲೂ ಇಲ್ಲ, ನೋಡಿದೆ. ಅಂದ್ರೆ ಆಮೇಲೆ ಆಗಿದ್ದು. ಮೇಣ ಇರ್ಬೇಕು. ಹತ್ತಿಯ ತುದಿಯಲ್ಲಿ ಒಂಚೂರು ಸ್ಪಿರಿಟ್ ಮುಟ್ಟಿಸಿ ನೋಡ್ತೀನಿ."

ಇಲ್ಲಿ ನಾನು ಸುಳ್ಳು ಹೇಳುವಂತಿಲ್ಲ. ನನಗೆ ಗೊತ್ತಿತ್ತು. ಅರಿಶಿನಕ್ಕೆ ಸ್ಪಿರಿಟ್ ತಾಕಿದರೆ ಬಣ್ಣ ಬಿಟ್ಟು ಹರಡುತ್ತದೆ. ಮದುವೆ ಮನೆಗಳಲ್ಲಿ ಕ್ಯಾಮೆರಾದ ಮೇಲೆ ಬಿದ್ದ ಅರಿಶಿನ ಕುಂಕುಮವನ್ನು ಸ್ಪಿರಿಟ್ಟಿನಲ್ಲಿ ಒರೆಸಲು ಹೋಗಿ ಎಷ್ಟು ಬಟ್ಟೆ ಹಳದಿ ಮಾಡಿಕೊಂಡಿಲ್ಲ ನಾನು? ಹಾಕಬೇಡ ಅನ್ನುವುದು ಒಂದೇ ಪದ. ಅದು ಹೇಗೆ ಗೊತ್ತು ಅಂತ ಅವಳು ಕೇಳುತ್ತಾಳಲ್ಲ, ಅದಕ್ಕೆ ನಾಲಿಗೆ ಹೊರಳಲಿಲ್ಲ. ಅವಳು ಇನ್ನೂ ಅರ್ಧ ನಿಮಿಷ ಬಾಗಿಲಲ್ಲೇ ನಿಂತಿದ್ದಳು. "ಸರಿ ಹಾಗಾದ್ರೆ" ಅಂತ ಹೇಳಿ ಹೋದಳು.

ಮಧ್ಯಾಹ್ನ ಅವಳ ಕೋಣೆಯ ಮುಂದೆ ಜನ ಸೇರಿದ್ದರು. ಎಳ್ಳಿನಷ್ಟಿದ್ದ ಕೆಂಪು ಹೆಬ್ಬೆರಳಿನ ಉಗುರಿನಷ್ಟು ಹಳದಿಯಾಗಿ, ಆ ನೀಲಿ ಹೂವನ್ನೂ ಅರ್ಧ ನುಂಗಿತ್ತು. ಮರಾಮ ಒಂದನ್ನೂ ಮುಚ್ಚಿಡದೆ ವರದಿ ಬರೆದಳು. ವಿಚಾರಣೆ ಅಂತ ಒಂದು ಸಭೆ ಆಯಿತು, ನನ್ನನ್ನೂ ಕರೆದರು. ದೊಡ್ಡ ಪರದೆಯ ಮೇಲೆ ನನ್ನ ಚಿತ್ರ ಹಾಕಿದರು, ಸ್ವಚ್ಛವಾದ ಅಂಚು. ಕ್ಯಾಮೆರಾ ಕೋಣೆಯಲ್ಲಿ ಏನಾದರೂ ಆಗಿರಬಹುದೇ ಅಂತ ಯಾರೋ ಕೇಳಿದಾಗ ಗ್ರಹಾಂ ಮೆತ್ತಗೆ ಹೇಳಿದರು, "ರಘು ಚಿತ್ರ ತಿದ್ದಲ್ಲ. ಅದಕ್ಕೆ ನಾನು ಹೊಣೆ." ನಾನು ಮೇಜನ್ನು ನೋಡುತ್ತ ಕೂತಿದ್ದೆ. ಮರಾಮ, "ಫೋಟೋ ಸ್ವಚ್ಛ ಇದೆ ಅಂದ್ಮೇಲೆ ನನ್ನ ಮೇಜಿನ ಮೇಲೇ ಆಗಿರ್ಬೇಕು. ಹೇಗೆ ಅಂತ ಗೊತ್ತಿಲ್ಲ" ಅಂದಳು.

ಬಯ್ಯಲಿಲ್ಲ ಯಾರೂ. ಹಸ್ತಪ್ರತಿಗಳನ್ನು ಅವಳಿಂದ ತೆಗೆದು ಬೇರೆಯವರಿಗೆ ಕೊಟ್ಟರು, ಅವಳಿಗೆ ಭೂಪಟಗಳ ರಟ್ಟಿನ ಪೆಟ್ಟಿಗೆ ಮಾಡುವ ಕೆಲಸ ಬಂತು. ಅವಳು ಲಂಡನ್ನಿನಲ್ಲಿ ಓದಿ ಬಂದದ್ದೇ ಆ ಹಸ್ತಪ್ರತಿಗಳಿಗಾಗಿ. ಒಂದು ವರ್ಷ ಪೆಟ್ಟಿಗೆ ಮಾಡಿ, ತಾಯಿಗೆ ಹುಷಾರಿಲ್ಲ ಅಂತ ಹೇಳಿ ಕೆಲಸ ಬಿಟ್ಟು ಹ್ಯಾಮಿಲ್ಟನ್‌ಗೆ ಹೋದಳು. ಬೀಳ್ಕೊಡುಗೆಯ ದಿನ ಚಹಾ, ಲ್ಯಾಮಿಂಗ್ಟನ್ ಕೇಕು ಇಟ್ಟಿದ್ದರು. ನಾನು ಎರಡು ತಿಂದೆ. ಅವಳು ಬಂದು ನನ್ನನ್ನು ತಬ್ಬಿಕೊಂಡು, "ಕಣ್ಣು ನೋಡ್ಕೋ ರಘು, ಪರದೆ ಮುಂದೆ ಬಹಳ ಕೂರ್ತೀಯ" ಅಂದಳು. ಬಾಯಿ ತುಂಬ ತೆಂಗಿನ ತುರಿಯ ಕೇಕು ಇಟ್ಟುಕೊಂಡು ನಾನು ತಲೆಯಾಡಿಸಿದೆ.

ಆಮೇಲಿನ ಹನ್ನೊಂದು ವರ್ಷ ನಾನು ಬಹಳ ಒಳ್ಳೆಯ ಕೆಲಸಗಾರನಾಗಿದ್ದೆ. ಹೊಸಬರು ಒಂದು ಧೂಳಿನ ಕಣ ತಿದ್ದಿದರೂ ಬಯ್ಯುತ್ತಿದ್ದೆ. ಇರೋದನ್ನ ತೆಗಿ ಅಂತ ಗ್ರಹಾಂ ಮಾತನ್ನು ನನ್ನದೇ ಅನ್ನುವ ಹಾಗೆ ಹೇಳುತ್ತಿದ್ದೆ. ಆಯುಧಪೂಜೆಗೆ ಬೊಟ್ಟು ಇಡುವುದನ್ನು ನಿಲ್ಲಿಸಿದೆ, ಅದೊಂದೇ ನಾನು ಕೊಟ್ಟುಕೊಂಡ ಶಿಕ್ಷೆ. ಗ್ರಹಾಂ ನಿವೃತ್ತರಾದರು, ಕಾಯಿಲೆ ಬಿದ್ದರು, ನೋಡಲು ಎರಡು ಸಲ ಹೋದೆ. ಎರಡು ಸಲವೂ ಕ್ರಿಕೆಟ್ ಮಾತಾಡಿ ಬಂದೆ. ಈಗ ಅವರಿಲ್ಲ.

ನನ್ನ ಬೀಳ್ಕೊಡುಗೆಯಲ್ಲಿ ಈಗಿನ ಮುಖ್ಯಸ್ಥೆ ಮಾತಾಡುತ್ತ, "ರಘು ತೆಗೆದ ಚಿತ್ರ ಅಂದ್ರೆ ಸಾಕ್ಷಿ ಇದ್ದ ಹಾಗೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಸ್ಯಾಂಡ್ರಿಂಗಮ್ ರಸ್ತೆಗುಂಟ ಬರುವಾಗ ಎರಡು ಸ್ಟಾಪು ಮುಂಚೆಯೇ ಇಳಿದು ನಡೆದೆ. ಮನೆಗೆ ಬಂದು ವಸಂತಾಗೆ ಹೇಳಿದೆ. ಅವಳು ಲ್ಯಾಬಿನವಳು, ಮಾದರಿ ಅದಲುಬದಲಾದರೆ ಯಾರ ಜೀವ ಹೋಗುತ್ತದೆ ಅಂತ ತಿಳಿದವಳು. ಸೌಟು ಕೆಳಗಿಟ್ಟು ಕೇಳಿದಳು.

"ಅವಳು ಕೇಳಕ್ಕೆ ಬಂದಾಗಲಾದ್ರೂ ಹೇಳ್ಬಹುದಿತ್ತಲ್ರೀ?"

"ಹೇಳ್ಬಹುದಿತ್ತು."

"ಮತ್ತೆ ನನ್ನ ಮುಂದೆ ಈಗ ಹೇಳಿ ಏನು ಪ್ರಯೋಜನ? ಎಲ್ಲಿ ಹೇಳ್ಬೇಕೋ ಅಲ್ಲಿ ಹೋಗಿ ಹೇಳಿ" ಅಂದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಅಲ್ಲಿಗೆ ಹೋಗಲು ನನಗೆ ಇನ್ನೂ ಐದು ತಿಂಗಳು ಬೇಕಾಯಿತು. ಹೋಗಿ ಮುಖ್ಯಸ್ಥೆಯ ಮುಂದೆ ಪೆನ್‌ಡ್ರೈವ್ ಇಟ್ಟು ಎಲ್ಲ ಹೇಳಿದೆ. ಅವರು, "ನಾನು ಇದನ್ನ ದಾಖಲೆಗೆ ಸೇರಿಸಲೇಬೇಕು" ಅಂದರು. ಸೇರಿಸಿ ಅಂದೆ. ಆ ಪುಟದ ತಿದ್ದಿದ ಚಿತ್ರ ತೆಗೆದು ಮೂಲ ಚಿತ್ರ ಹಾಕುವ ಕೆಲಸ ಸ್ಫೂರ್ತಿಯ ಪಾಲಿಗೆ ಬಂತು. ಅದರ ಕೆಳಗೆ ಒಂದು ಟಿಪ್ಪಣಿ ಬೇಕು. ಈ ಕಲೆ ಕುಂಕುಮದ್ದು, ಫೋಟೋ ತೆಗೆಯುವಾಗ ಛಾಯಾಗ್ರಾಹಕನ ಕೈಯಿಂದ ಬಿದ್ದದ್ದು, ಆತ ಇದನ್ನು ಮರೆಮಾಚಿದ, ಸಂರಕ್ಷಕಿಗೆ ಅದು ಏನೆಂದು ತಿಳಿಸಲಿಲ್ಲ ಅಂತ ಬರೆದುಕೊಟ್ಟೆ. ಸ್ಫೂರ್ತಿ ಟೈಪು ಮಾಡುತ್ತ ನನ್ನ ಮುಖ ನೋಡದೆ ಕೇಳಿದಳು, "ಅಂಕಲ್, ಡು ಯು ವಾಂಟ್ ಯುವರ್ ನೇಮ್ ಆನ್ ಇಟ್? ಐ ಕ್ಯಾನ್ ಜಸ್ಟ್ ಪುಟ್ ಸ್ಟಾಫ್."

ತಕ್ಷಣ ಹೆಸರು ಹಾಕು ಅಂದೆ ಅಂತ ಬರೆಯಲು ಆಸೆ. ಹಾಗಾಗಲಿಲ್ಲ. ಅವಳು ಕೊಟ್ಟ ದಾರಿ ಎಷ್ಟು ಚೆನ್ನಾಗಿದೆ ಅಂತಲೇ ಮೊದಲು ಅನ್ನಿಸಿತು. ಅವಳು ಕಾದಳು. ಆಮೇಲೆ ನನ್ನ ಪೂರ್ತಿ ಹೆಸರು ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ.

ಮುಂದಿನ ಶನಿವಾರ ಮರಾಮಳ ಮನೆಗೆ ಹೋದೆ. ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ ಹೊಸ ಮನೆ, ಗರಾಜಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಮಾಡುತ್ತಾಳೆ. ಮಕ್ಕಳ ರಗ್ಬಿ ತಂಡದ ಫೋಟೋಗಳು, ಯಾರದೋ ಪದವಿಯ ಸರ್ಟಿಫಿಕೇಟು ಗೋಡೆಗೆ ಒರಗಿದ್ದವು. ಕೂದಲು ಬೆಳ್ಳಗಾಗಿತ್ತು. ನಗುತ್ತ ಬಂದವಳು ನನ್ನ ಮುಖ ನೋಡಿ ಚಹಾ ಮಾಡಲು ಹೋದಳು. ಲ್ಯಾಪ್‌ಟಾಪ್ ತೆರೆದು ಮೂಲ ಚಿತ್ರ ತೋರಿಸಿದೆ. ಏನು ಬಿತ್ತು, ಹೇಗೆ ಬಿತ್ತು, ಏನು ತಿದ್ದಿದೆ, ಈಗ ಜಾಲತಾಣದಲ್ಲಿ ಏನು ಬರೆದಿದೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ದಾರಿಯುದ್ದಕ್ಕೂ ಕಾರಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ.

ಅವಳು ಆ ಕೆಂಪನ್ನು ದೊಡ್ಡದು ಮಾಡಿ ನೋಡಿದಳು. ಇನ್ನೂ ದೊಡ್ಡದು ಮಾಡಿದಳು.

"ನಾನು ಸ್ಪಿರಿಟ್ ಹಾಕ್ತೀನಿ ಅಂದಾಗ, ಅದು ಹರಡುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಣಗಿದ್ದಾಗ ಅದನ್ನ ಹೇಗೆ ತೆಗೀತಾರೆ, ನಿಮ್ಮ ಕಡೆ?"

"ಅಮ್ಮ ಅರಿಶಿನ ಹತ್ತಿದ ಸೀರೇನ ಬಿಸಿಲಿಗೆ ಹಾಕ್ತಿದ್ರು. ತಾನಾಗೇ ಹೋಗುತ್ತೆ."

"ಉಳಿದ ಪುಟ ಮುಚ್ಚಿ ಅಷ್ಟಕ್ಕೆ ಮಾತ್ರ ಬೆಳಕು ಬಿಡಬಹುದಿತ್ತು" ಅಂದಳು, ನನಗಲ್ಲ, ತನ್ನಷ್ಟಕ್ಕೆ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಎರಡೂ ಕೈ ಅದರ ಮೇಲಿಟ್ಟು ಕೂತಳು. ನಾನು ತಪ್ಪಾಯಿತು ಅಂದೆ.

"ಅದು ಅರಿಶಿನ ಅಂತ ನನಗೆ ಅವತ್ತೇ ಗೊತ್ತಾಯ್ತು ರಘು. ಹಳದಿ ಹರಡಿದ ತಕ್ಷಣ" ಅಂದಳು. "ನಿನ್ನ ಹೆಂಡತಿ ಶುಕ್ರವಾರ ನಿನ್ನ ಡಬ್ಬೀಲಿ ನಂಗೂ ಸೇರಿಸಿ ಚಿತ್ರಾನ್ನ ಕಳಿಸ್ತಿದ್ಲಲ್ಲ. ನಿನ್ನ ನೋಡಿ ನಾನೂ ಕೈಯಲ್ಲೇ ತಿನ್ನಕ್ಕೆ ಕಲ್ತಿದ್ದೆ. ಕೈ ಸರಿಯಾಗಿ ತೊಳೆದಿಲ್ಲ, ಅದೇ ತಾಗಿ, ಚರ್ಮ ಹದಮಾಡಿದ ಸುಣ್ಣಕ್ಕೆ ಕೆಂಪಾಗಿದೆ ಅಂದ್ಕೊಂಡೆ."

"ಸಭೇಲಿ ಹೇಳ್ಲಿಲ್ವಲ್ಲ."

"ಹೇಳಿದ್ರೆ ಯಾರ ಊಟ ಅಂತ ಕೇಳ್ತಿದ್ರು. ನಿನ್ನ ಹೆಸರು ಬರ್ತಿತ್ತು. ನೀನೂ ಅದೇ ಕೈಯಲ್ಲಿ ಪುಸ್ತಕ ಮುಟ್ಟೋನು, ಕೆಲಸಕ್ಕೆ ಕುತ್ತಾಗ್ತಿತ್ತು. ನಿನಗೆ ಮಕ್ಕಳ ಫೀಸು, ಸಾಲದ ಮನೆ. ನಾನೊಬ್ಳೇ ತಾನೆ ಅಂದ್ಕೊಂಡು ಸುಮ್ನಿದ್ದೆ." ಆಮೇಲೆ, "ಈ ಕಟ್ಟು ಹಾಕೋ ಕೆಲಸ ಬೇಜಾರಾದಾಗೆಲ್ಲ ಅದನ್ನೇ ನೆನೆಸ್ಕೊಳ್ತಿದ್ದೆ. ಹೋಗ್ಲಿ, ರಘುನಾದ್ರೂ ಉಳಿಸಿದೆನಲ್ಲ ಅಂತ" ಅಂದಳು.

ಚಹಾ ಹಾಗೇ ಇತ್ತು. ಅವಳು ಗೇಟಿನ ತನಕ ಬರಲಿಲ್ಲ. ಕಾರು ತೆಗೆಯುವಾಗ ಗರಾಜಿನ ಒಳಗೆ ನೋಡಿದೆ, ಅದೇ ಕುರ್ಚಿಯಲ್ಲಿ ಕೂತಿದ್ದಳು. ಹಸ್ತಪ್ರತಿ ಹೋಯಿತು, ಓದಿದ ವಿದ್ಯೆ ಹೋಯಿತು, ಇಷ್ಟು ವರ್ಷ ಅವಳ ಹತ್ತಿರ ಉಳಿದಿದ್ದದ್ದು ಆ ಒಂದು ಸಮಾಧಾನ. ಕ್ಷಮೆ ಕೇಳಲು ಹೋದವನು ಅದನ್ನೂ ಅವಳಿಂದ ಕಿತ್ತುಕೊಂಡು ಬಂದೆ.